ಅರ್ಧ ಟ್ರಾಲಿ ಸವಳು ಮಣ್ಣು

ಹಲೋ... ಹಾಂ, ಹಲೋ. ಯಾರ್ರೀ ಮಾತಾಡೋದು? ಈ ಉರಿ ಬಿಸಿಲಾಗ ಫೋನ್ ಮಾಡೋರು ನಮ್ಮ ಮಸ್ಕಿಯವ್ರಂತೂ ಅಲ್ಲ...

ಬಂದೇಸಾಬ? ಯಾವ ಬಂದೇಸಾಬ್ರೀ?... ಆಡು ಕಾಯೋರಾ? ಹಾಂ, ಗಾಯತ್ರಿ ನಾನೇ. ಆದ್ರ ಕಾಕಾ, ನಮ್ಮ ಆಡು ಯಾವೂ ಕಳದಿಲ್ಲ...

ಆಡಲ್ಲಾ? ಮತ್ತೇನು ಸಿಕ್ಕೈತಿ?... ಮನುಷ್ಯಾ? ಟ್ರ್ಯಾಕ್ಟರ್ ಸಮೇತ? ಟ್ರಾಲ್ಯಾಗ ಬೆಳ್ಳನ ಮಣ್ಣೈತಾ?... ಅಯ್ಯ, ಅದು ನಮ್ದೇ ಕಾಕಾ! ತುರ್ವಿಹಾಳದ ವಿರೇಶ ಅಂತ. ಮುಂದಿನ ತಿಂಗಳು ನನ್ನ ಕಟ್ಕೊಳ್ಳೋ ಪ್ರಾಣಿ. ಕೊಡ್ರಿ, ಕೊಡ್ರಿ ಅವ್ರ ಕೈಯಾಗ...

ಹಲೋ, ಏನ್ರೀ ಸ್ಲ್ಯಾಬ್ ಮನಿ ಸಾಹುಕಾರ್ರ? ನಿಮ್ಮ ಫೋನ್ ಎಲ್ಲಿ?... ಕಾವು ಹೆಚ್ಚಾಗೈತಿ ಅಂತ ತಾನಾ ಬಂದ್ ಆತಾ? ನೋಡ್ರಿ, ಫೋನಿಗೆ ಇರೋ ಬುದ್ಧಿ ಅದರ ಮಾಲಕಗ ಇಲ್ಲ. ಹೊತ್ತು ನೆತ್ತಿ ಮ್ಯಾಲ ಬಂದಾಗ ಹೊಂಟು ಬಂದಾರ... ಆಂ? ನನ್ನ ನಂಬರ ಬಾಯಿಪಾಠನಾ?... ಇರ್ಲಿ ಇರ್ಲಿ. ಅದಕ್ಕ ಸಿಟ್ಟು ಅರ್ಧ ಇಳೀತು.

ಟ್ರ್ಯಾಕ್ಟರಿಗೆ ಏನಾತು?... ಹೊಗಿ? ರೇಡಿಯೇಟರ್ ಕುದ್ದು ನಿಂತೈತಾ? ನೀರು ಹಾಕಿದ್ರಾ?... ತಂದಿಲ್ಲಾ? ಕುಡಿಯಾಕ ಒಂದು ಬಾಟ್ಲಿನೂ?... "ದಾರ್ಯಾಗ ಸಿಗ್ತೈತಿ ಅನ್ಕಂಡೆ" ಅಂದ್ರ?

ಅಯ್ಯೋ ನನ್ನ ಕಾಲುವಿ ಊರಿನ ಕಣ್ಮಣಿ! ಕಾಲುವಿ ನಿಮ್ಮೂರ ಗದ್ದ್ಯಾಗ ನಿಂತೈತ್ರೀ, ನಿಮ್ಮ ಬೆನ್ನು ಹತ್ತಿ ಬರೂದಿಲ್ಲ. ನಿಮ್ಮ ಕಡೆ ಹೊರಳಿದಲ್ಲೆಲ್ಲ ನೀರು, ಅದಕ್ಕ ಕೈ ಬೀಸ್ಕೊಂತ ಹೊಂಡ್ತೀರಿ. ನಮ್ಮ ಕಡೆ ಬರೀ ಗುಡ್ಡ, ಬಂಡೆಗಲ್ಲು. ನಮ್ಮೋರು ಓಣಿ ದಾಟಿ ಜಗಳ ಮಾಡಾಕ ಹೋದ್ರೂ ಕೈಯಾಗ ಒಂದು ತಂಬಿಗಿ ಇರ್ತೈತಿ...

ನಗಬ್ಯಾಡ್ರಿ, ಒಂದು ಮಾತು ಹೇಳ್ರಿ. ಬೆವರು ಬರಾಕತ್ತೈತಾ?... ಮೊದ್ಲು ಬರ್ತಿತ್ತು, ಈಗ ನಿಂತೈತಾ? ಮೈ ಒಣಗಿ ಕಾದೈತಾ? ತಲಿ ಗಿಮ್ ಅಂತೈತಾ?...

ವಿರೇಶ. ಕೇಳ್ರಿಲ್ಲೆ. ನಗಚಾಟಿಕಿ ಸಾಕು. ಫೋನ್ ಬಂದೇಸಾಬ್ ಕಾಕಾಗ ಕೊಡ್ರಿ...

ಕಾಕಾ, ಇವ್ರನ್ನ ಟ್ರ್ಯಾಕ್ಟರ್ ನೆಳ್ಳಾಗ ಕುಂದ್ರಿಸಬ್ಯಾಡ್ರಿ, ಕಬ್ಬಿಣ ಉಗುಳೋ ಕಾವು ಬ್ಯಾರೆ ಹೊಡೀತೈತಿ. ಬೇವಿನ ಗಿಡ ಐತಾ?... ಅದರ ತೆಳಗ ಮಲಗಿಸ್ರಿ. ನಿಮ್ಮ ಹತ್ರ ನೀರೈತಾ?... ಒಂದು ತಂಬಿಗಿಯಷ್ಟಾ? ಸಾಕು. ಅಂಗಿ ಬಿಚ್ಚಿಸಿ, ಅದರಾಗ ನಿಮ್ಮ ರುಮಾಲು ತೋಯಿಸಿ ಕುತ್ತಿಗಿಗೆ, ಬಗಲಿಗೆ, ನೆತ್ತಿಗೆ... ಹಾಂ, ಗಾಳಿ ಬೀಸ್ರಿ. ಕುಡಿಯಾಕ ಬ್ಯಾರೆ ಏನೈತಿ?... ಜ್ವಾಳದ ಅಂಬಲಿ? ಉಪ್ಪು ಹಾಕಿದ್ದಾ? ಬಂಗಾರ ಆತು. ಗುಟುಕು ಗುಟುಕಾಗಿ ಕುಡಿಸ್ರಿ, ಗಟಗಟ ಬ್ಯಾಡ. ಮಾತು ತೊದಲಾಕತ್ತಿದ್ರ ಸೀದಾ ೧೦೮ಕ್ಕ ಫೋನ್ ಮಾಡ್ರಿ, ನನ್ನ ಕೇಳಾಕ ಹೋಗಬ್ಯಾಡ್ರಿ. ಈಗ ಫೋನ್ ಅವ್ರ ಕಿವಿಗೆ ಇಡ್ರಿ. ನಾ ಕಥಿ ಹೇಳ್ತೀನಿ, ಅವ್ರು ಹೂಂಗುಟ್ಟಲಿ. ಹೂಂ ನಿಂತ್ರ ನನಗ ಗೊತ್ತಾಗ್ತೈತಿ...

ಹಲೋ. ಹಾಂ, ಕಥಿನೇ. ನಮ್ಮ ಆದಮ್ಮಜ್ಜಿ ಹೇಳಿದ್ದು. ಸಣ್ಣಾಕಿದ್ದಾಗ ನಾ ನಿದ್ದಿ ಹೋದ್ನೋ ಇಲ್ಲೋ ಅಂತ ಅಕಿ ಹಿಂಗ ತಿಳ್ಕೊಂತಿದ್ಲು. ಆದ್ರ ನೀವು ನಿದ್ದಿ ಹೋಗೂವಂಗಿಲ್ಲ. ಹೂಂ ಅನ್ರಿ... ಹಾಂ, ಜಾಣ.

ಒಂದು ಬ್ಯಾಸಗ್ಯಾಗ ಸೂರ್ಯಪ್ಪ ಮಸ್ಕಿಗೆ ಹೆಣ್ಣು ನೋಡಾಕ ಬಂದ... ಅಂವ ಬಂದು ನಿಂತ ಕೂಡ್ಲೇ ತಲಬಾಗಿಲು ಬಿರುಕು ಬಿಟ್ತು, ಹಿತ್ತಲ ಬಾವಿ ಬತ್ತಿತು. ಹುಡುಗಿ ಹೆದರ್ಲಿಲ್ಲ. "ನನ್ನ ನೋಡೂದಿದ್ರ ಮಣ್ಣಿನ ಮಾಳಿಗಿ ದಾಟಿ ಒಳಗ ಬಾ" ಅಂದ್ಲು... ಹೂಂ? ತೊಲಿ ಮ್ಯಾಲ ಜಂತಿ ಹಾಸಿದ್ಲು, ಜಂತಿ ಮ್ಯಾಲ ಕಟಿಗಿ ಚಕ್ಕಿ, ಅದರ ಮ್ಯಾಲ ಗೇಣು ದಪ್ಪ ಕೆಮ್ಮಣ್ಣು. ಎಲ್ಲಾದಕ್ಕೂ ಮ್ಯಾಲ ಸವಳು ಮಣ್ಣು ಬಡಿದ್ಲು. ಉಪ್ಪುಗಟ್ಟಿದ ಮಣ್ಣು ನೋಡ್ರಿ, ಅದರಾಗ ಮಳಿನೀರು ಇಳಿಯೂದಿಲ್ಲ, ಹುಲ್ಲೂ ಹುಟ್ಟೂದಿಲ್ಲ...

ವಿರೇಶ? ಹೂಂ ಅನ್ರಿ!... ಅನ್ರೀ!... ಹಾಂ. ಜೀವ ತಿಂದ್ರಿ.

ಸೂರ್ಯಪ್ಪ ದಿನಪೂರ್ತಿ ತಿಣುಕಿದ, ಆಗ್ಲಿಲ್ಲ. ಕಡೀಗೆ ಹುಡುಗಿ ಮಾಳಿಗ್ಯಾಗ ಬಿಟ್ಟಿದ್ದ ಬೆಳಕಿಂಡಿಯಾಗಿಂದ ಒಂದು ರೊಟ್ಟಿಯಷ್ಟು ಬಿಸಿಲು ಒಳಗ ಕಳಿಸಿ, ಅಷ್ಟರಾಗೇ ಹುಡುಗಿ ಮುಖ ನೋಡಿ ಮುಳುಗಿ ಹೋದ. ಆ ಬಿಸಿಲ ರೊಟ್ಟಿ ಇವತ್ತಿಗೂ ನಮ್ಮಜ್ಜಿ ಕ್ವಾಣ್ಯಾಗ ನೆಲದ ಮ್ಯಾಲ ತೆವಳಿಕೊಂತ ಹುಡುಗೀನ ಹುಡಕತೈತಿ...

ಏನು? ಆ ಹುಡುಗಿ ನಾನಾ ಅಂತೀರಾ? ಮಾತು ಬಂತಲ್ಲಪ್ಪ! ಬೆವರು?... ಹಣಿ ಮ್ಯಾಲ? ಬೆನ್ನ ಮ್ಯಾಲೂ?... ಅಯ್ಯ ಯಪ್ಪಾ. ನಿಶ್ಚಯದ ದಿನ ನಿಮ್ಮ ಮುಖ ನೋಡಿದಾಗ್ಲೂ ನನಗ ಇಷ್ಟು ಖುಷಿ ಆಗಿದ್ದಿಲ್ಲ.

ಬ್ಯಾಡ. ಏಳಬ್ಯಾಡ್ರಿ... ಗೊತ್ತೈತಿ. ನಮ್ಮಣ್ಣ ಲಕ್ಷ್ಮಣ ಹೇಳಿದ್ದು ನನಗೂ ಗೊತ್ತೈತಿ. ಇವತ್ತು ಸವಳು ಮಣ್ಣು ಬರ್ಲಿಲ್ಲಂದ್ರ ಅಜ್ಜಿ ಮಾಳಿಗಿ ಕೆಡವಿ ತಗಡು ಹಾಕ್ತಾನ. ಹೋದ ಮಳಿಗಾಲ ಸೋರಿತ್ತು, ಅವನ ಮಾತೂ ಸುಳ್ಳಲ್ಲ. ತಗಡಿನ ತೆಳಗ ಅಜ್ಜಿ ಒಂದು ಬ್ಯಾಸಗಿ ಉಳಿಯೂದಿಲ್ಲ, ಅದೂ ಸುಳ್ಳಲ್ಲ. ಆದ್ರೂ ಏಳಬ್ಯಾಡ್ರಿ...

ನೀವು ಬರ್ದಿದ್ರ ಮಾಳಿಗಿ ಹೋಗ್ತೈತಿ. ಈಗ ಎದ್ದು ಬಂದ್ರ ನೀವು ಹೋಗ್ತೀರಿ. ಮಾಳಿಗಿನೇ ಹೋಗ್ಲಿ ಬಿಡ್ರಿ. ಅಜ್ಜಿನ ಹೆಂಗರ ಸಂಭಾಳಿಸ್ತೀನಿ... ಇಲ್ಲ, ಅಳಾಕತ್ತಿಲ್ಲ. ಧೂಳು ಹೊಕ್ಕೈತಿ.

ತಡೀರಿ. ಅಂಗಳದಾಗ ತಗಡು ಇಳಿಸೋ ಸಪ್ಪಳ ಇತ್ತು, ನಿಂತೈತಿ. ಕೆಡವಾಕ ಶುರು ಮಾಡಿದ್ರೋ ಏನೋ. ನೋಡಿ ಬರ್ತೀನಿ, ಫೋನ್ ಇಡಬ್ಯಾಡ್ರಿ...

...

ವಿರೇಶ, ಅದೀರಾ? ಸಣ್ಣಗ ಮಾತಾಡ್ತೀನಿ, ನಗು ತಡಿಯಾಕ ಆಗವಲ್ದು. ತಗಡು ಕಾದು ರೊಟ್ಟಿ ಹಂಚು ಆಗ್ಯಾವ, ಯಾರಿಗೂ ಮುಟ್ಟಾಕ ಬರವಲ್ದು. ಲಕ್ಷ್ಮಣನ ಅಂಗೈಯಾಗ ಬೊಬ್ಬಿ ಎದ್ದೈತಿ. ಅಂವ, ಲಿಂಗಸುಗೂರಿನಿಂದ ಕರಕೊಂಡು ಬಂದ ಮೇಸ್ತ್ರಿ ಅಂಬಪ್ಪ, ಆಳುಗಳು, ಎಲ್ಲಾರೂ ಎಲ್ಲಿ ಅದಾರ ಹೇಳ್ರಿ?... ಅಜ್ಜಿ ಮಾಳಿಗಿ ತೆಳಗ! ಸಾಲಾಗಿ ಮಲಗ್ಯಾರ! ಲಕ್ಷ್ಮಣ ಗೊರಕಿ ಹೊಡಿಯಾಕತ್ತಾನ. ಅಜ್ಜಿ ನಡುವ ಕುಂತು ಬೀಸಣಿಗಿ ಬೀಸ್ಕೊಂತ, "ಎಬ್ಬಿಸಬ್ಯಾಡವಾ, ನನ್ನ ಮಾಳಿಗಿ ಕೆಡವಾಕ ಬಂದಾರ, ದಣದಾರ, ಚಂದಂಗ ಮಲಗ್ಲಿ" ಅನ್ನಾಕತ್ತಾಳ...

ಹೂಂ ಮತ್ತ. ಹೊತ್ತು ತಂಪಾಗೋತನಕ ಇವ್ರಾರೂ ಏಳೂದಿಲ್ಲ. ನೀವೂ ಏಳಬ್ಯಾಡ್ರಿ. ಬಿಸಿಲ ರೊಟ್ಟಿ ಗ್ವಾಡಿ ಹತ್ತಿ ಜ್ವಾಳದ ಚೀಲ ಮುಟ್ಟಿದಾಗ ಹೊಂಡ್ಲಿ ಅಂತಾಳ ಅಜ್ಜಿ... ಹೌದ್ರೀ, ನಿಮಗ ಅಲ್ಲಿ ಕಾಣೂದಿಲ್ಲ. ಕಾಕಾನ ಆಡು ನೆಳ್ಳು ಬಿಟ್ಟು ಮೇಯಾಕ ಎದ್ವಂದ್ರ, ನೀವೂ ಏಳ್ರಿ. ಆಡಿಗಿಂತ ಮೊದ್ಲು ಎದ್ರ ಮದುವಿ ರದ್ದು.

ಅಂದಂಗ ಟ್ರಾಲಿ ತುಂಬಾ ತಂದೀರಿ ಹೌದಲ್ಲ?... ಅರ್ಧಾನಾ? ಅಲ್ರೀ, ಕಾಲುವಿ ನೀರು ಹೆಚ್ಚಾಗಿ ಸವಳಾಗಿ, ಭತ್ತ ಬೆಳೀವಲ್ದು ಅಂತ ನಿಮ್ಮಪ್ಪ ದಿನಾ ಬೈಯೋ ಹೊಲದ ಮಣ್ಣು. ಅದರಾಗೂ ಕಂಜೂಸಿ?... ಅಜ್ಜಿ ಕ್ವಾಣಿಗೆ ಅಷ್ಟು ಸಾಕು, ಖರೆ. ಉಳಿದ ಅರ್ಧ?... ನಿಮ್ಮ ಹಿತ್ತಲದಾಗ? ನಿಮ್ದು ಸ್ಲ್ಯಾಬ್ ಮನಿ, ಮಣ್ಣು ತಗೊಂಡು ಏನ್ಮಾಡ್ತೀರಿ? ಒಳಗ ಕಾಲಿಟ್ರ ನಾನೇ ರೊಟ್ಟಿಯಂಗ ಬೇಯ್ತೀನಿ ಅಂತ ಅವತ್ತ ಅಂದಿದ್ದೆ, ನೀವು ಮುಖ ಊದಿಸ್ಕೊಂಡು...

ಏನಂದ್ರಿ? ಗ್ವಾಡಿ ಎದ್ದಾವಾ? ಯಾವ ಗ್ವಾಡಿ?... ಜೋರಾಗಿ ಹೇಳ್ರಿ. ಕಾಕಾನ ಫೋನಿನ್ಯಾಗ ಚಾರ್ಜ್ ಇಲ್ಲಾ?... ಯಾರಿಗೆ? ನಮ್ಮಿಬ್ಬರ ಕ್ವಾಣಿಗೆ? ಮಣ್ಣಿನ ಮಾಳಿಗಿನಾ?...

ವಿರೇಶ. ಬೆಳಕಿಂಡಿ?... ಬೆಳಕಿಂಡಿಗೂ ಜಾಗ ಬಿಡಿಸೀರಾ?... ಹಲೋ? ಹೂಂ ಅನ್ರಿ... ಅನ್ರೀ, ಹೂಂ ಅ...