ಯಳಂದೂರು ಸಭೆಯ ಮೂವತ್ತು ತಲೆ

ಮೂವತ್ತು ತಲೆ, ಅಯ್ಯನವ್ರೇ. ಒಂದು ಕಮ್ಮಿ ಇಲ್ಲ, ಒಂದು ಜಾಸ್ತಿ ಇಲ್ಲ. ನಿಮ್ಮ ಪ್ರೆಸ್ಬಿಟರಿ ಕೇಳಿದ್ದೂ ಅಷ್ಟೇ ತಾನೆ? ಮೂವತ್ತು ಜನ ಸದಸ್ಯರಿದ್ರೆ ಯಳಂದೂರು ಸಭೆಗೆ ಸ್ವಂತ ಪಾಸ್ಟರು, ಅವರ ಅರ್ಧ ಸಂಬಳ ನಿಮ್ಮದು. ಇಪ್ಪತ್ತೊಂಬತ್ತಾದ್ರೆ ಗೇಟಿಗೆ ಬೀಗ, ನಾವೆಲ್ಲ ಕೊಳ್ಳೇಗಾಲದ ಸಭೆಗೆ ಹೋಗಿ ಹಿಂದಿನ ಬೆಂಚಲ್ಲಿ ಕೂರಬೇಕು. ಬೆಳಿಗ್ಗೆ ಆರಾಧನೆಯಲ್ಲಿ ನೀವೇ ಬೆರಳು ಮಡಚಿ ಎಣಿಸಿದ್ರಿ. ಫಾರಮ್ಮು ಇಲ್ಲೇ ಇದೆ, ಪೆನ್ನು ನಿಮ್ಮ ಜೇಬಲ್ಲಿದೆ. ಇನ್ನೇನು... ಆ ಕುರ್ಚಿ ಬೇಡ, ಈ ಕಡೆ ಬನ್ನಿ. ಬೆಲ್ಲದ ಮಂಡಿ ನೋಡಿ, ಎಲ್ಲ ಅಂಟು, ಕೂತೋರು ಸುಲಭವಾಗಿ ಏಳೋದಿಲ್ಲ. ನಿಮ್ಮ ಬಸ್ಸು ಎದುರಿಗೇ ನಿಲ್ಲುತ್ತೆ, ಇನ್ನೂ ಇಪ್ಪತ್ತು ನಿಮಿಷ ಇದೆ.

ಯಾಕೆ ನಗ್ತೀರಿ? ಪ್ರೆಸ್ಬಿಟರಿ ಮೇಲೆ ನನಗೆ ಸಿಟ್ಟು ಅಂದ್ಕೊಂಡ್ರಾ? ಛೆ. ಹನ್ನೊಂದು ಸಭೆಗಳ ಮೇಲೆ ಕೂತಿರೋ ಹಿರಿಯರ ಮಂಡಳಿ, ಅದರ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನಾನ್ಯಾರು. ನೀವು ಮಾಡಿರೋ ಉಪಕಾರ ಒಂದಾ ಎರಡಾ. ಚಾವಣಿ ಸೋರ್ತಿದೆ ಅಂತ ಬರೆದ್ವಿ. ಮೂರು ವರ್ಷ, ಮೂರು ಸಲ ಜನ ಕಳಿಸಿದ್ರಿ. ಮೂರು ಸಲವೂ ಮಾರ್ಚ್ ತಿಂಗಳಲ್ಲಿ. ಬಂದೋರು ತಲೆ ಎತ್ತಿ ನೋಡಿ, ಎಲ್ಲಿ ಸೋರ್ತಿದೆ, ಚೆನ್ನಾಗೇ ಇದೆಯಲ್ಲ ಅಂತ ಬರ್ಕೊಂಡು ಹೋದ್ರು. ಭಾನುವಾರದ ಶಾಲೆಗೆ ಪುಸ್ತಕ ಬೇಕು ಅಂದ್ವಿ. ಹನೂರಿನ ಆಚೆ ಗಡಿ ಹಳ್ಳಿಗೆ ಹೋಗಬೇಕಿದ್ದ ತಮಿಳು ಪುಸ್ತಕ ನಮಗೆ ಬಂತು, ನಮ್ಮ ಕನ್ನಡದ್ದು ಅಲ್ಲಿಗೆ ಹೋಯ್ತು. ನಮ್ಮ ಮಕ್ಕಳು ಒಂದು ವರ್ಷ ಬರೀ ಚಿತ್ರ ನೋಡ್ಕೊಂಡು ಭಕ್ತರಾದ್ರು. ಆಮೇಲೆ ನಿಮ್ಮ ಸುತ್ತೋಲೆ, ಪ್ರಾರ್ಥನೆಯಲ್ಲಿ ನೆನೆಸ್ತಾ ಇದ್ದೀವಿ ಅಂತ. ನೆನೆಸಿ, ನೆನೆಸಿ. ಖರ್ಚಿಲ್ಲದ ಬಾಬ್ತು ಅದು.

ಇಲ್ಲ, ಅದನ್ನ ನಾನು ಅಲ್ಲಗಳೆಯಲ್ಲ. ಪಾಸ್ಟರು ಮಾದಸ್ವಾಮಿ ಅವರ ಅರ್ಧ ಸಂಬಳ ಒಂದು ತಿಂಗಳೂ ತಪ್ಪಿಲ್ಲ. ಬಾವಿಗೆ ಸಾಲ ಕೊಟ್ರಿ, ಬಡ್ಡಿ ಕೇಳ್ಲಿಲ್ಲ. ಬಡ್ಡಿ ಕೇಳದೆ ಸಾಲ ಕೊಡೋರನ್ನ ನಾನು ಈ ಮಂಡಿಯಲ್ಲಿ ನಲವತ್ತು ವರ್ಷದಲ್ಲಿ ನೋಡಿಲ್ಲ. ಅದಕ್ಕೇ ಅಲ್ವಾ ನಿಮ್ಮನ್ನ ಬಿಡೋಕೆ ಮನಸ್ಸಿಲ್ಲದೆ ಇಷ್ಟು ಒದ್ದಾಡ್ತಿರೋದು. ಹೊನ್ನೂರಿನ ಚಿಕ್ಕಮಾದಮ್ಮ, ಮುಂದಿನ ಬೆಂಚಲ್ಲಿ ಕೋಲು ಹಿಡ್ಕೊಂಡು ಕೂತಿದ್ರಲ್ಲ, ಎಂಬತ್ತು ದಾಟಿದೆ. ಆಟೋದಲ್ಲಿ ಇಲ್ಲೀವರೆಗೆ ಬರೋದೇ ಆಕೆಗೆ ಒಂದು ಯಾತ್ರೆ. ಕೊಳ್ಳೇಗಾಲದ ಬಸ್ಸು ಹತ್ತಿಸಿ ನೋಡಿ ಆಕೆಯನ್ನ. ನನ್ನ ಕೈ ಹಿಡ್ಕೊಂಡು, "ದೊಡ್ಡಸಿದ್ದಯ್ಯ, ನನ್ ಮಣ್ಣು ಮಾಡಕ್ಕಾದ್ರೂ ಒಬ್ಬ ಅಯ್ನೋರ ಮಡಿಕಳಪ್ಪ" ಅಂದ್ಲು. ಹೂಂ ಅಂದಿದ್ದೀನಿ. ವ್ಯಾಪಾರದಲ್ಲಿ ಹೂಂ ಅಂದ ಮೇಲೆ ಮಾಲು ಒದಗಿಸಬೇಕು.

ಮತ್ತೆ ನಗ್ತೀರಿ... ಸರಿ, ಪುಟ್ಟಮಾದಪ್ಪನ ವಿಷಯ. ಗೊತ್ತಾಯ್ತು. ಅವನು ನಮ್ಮ ಮಂಡಿಯಲ್ಲಿ ತೂಕ ಹಾಕೋನು, ನಿಜ. ಮಿಕ್ಕ ಆರು ಜನಾನೂ... ಹೌದು, ಮೂಟೆ ಹೊರೋರು ನಾಲ್ಕು ಜನ, ಟೀ ಅಂಗಡಿ ಶಿವಮ್ಮ, ಅವಳ ಮಗಳು. ಗಂಡಸರ ಹೆಗಲಿಗೆ ಬಿಳಿ ಟವೆಲ್ ಹಾಕಿಸಿ ಕೂರಿಸಿದ್ದೆ. ಎಲ್ಲರೂ ಏಳುವಾಗ ಏಳಿ, ಕೂರುವಾಗ ಕೂರಿ, ಕರ್ತನ ಭೋಜನದ ತಟ್ಟೆ ಬಂದಾಗ ಒಂದೊಂದು ಪುಟ್ಟ ಗ್ಲಾಸು ತಗೊಂಡು ಕುಡೀರಿ, ಗ್ಲಾಸು ಉಳಿದ್ರೆ ಲೆಕ್ಕ ತಪ್ಪುತ್ತೆ ಅಂತ ಹೇಳಿಕೊಟ್ಟಿದ್ದೆ. ಎಲ್ಲ ಸರಿ ಮಾಡಿದ್ರು. ಈ ಮಹಾನುಭಾವ ದ್ರಾಕ್ಷಾರಸವನ್ನ ಅಂಗೈಗೆ ಸುರ್ಕೊಂಡು, ತೀರ್ಥದ ಥರ ಕುಡಿದು, ಕೈ ತಲೆಗೆ ಒರೆಸಿಕೊಂಡ. ಆಮೇಲೆ ಬೈದೆ. "ಅಷ್ಟು ಮಂದಿ ಭಕ್ತಿಯಿಂದ ಕುಡಿತಾವ್ರೆ ಯಜಮಾನ್ರೆ, ನಾನು ಸುಮ್ಕೆ ಗುಟುಕರಿಸದಾ" ಅಂತಾನೆ. ಏನಂತ ಬೈಯ್ಲಿ.

ನೋಡಿ, ನೀವು ದೊಡ್ಡ ಮನುಷ್ಯರು, ನಕ್ಕುಬಿಟ್ರಿ. ಅಷ್ಟೇ ಇದು. ಹಾಜರಿ ಪುಸ್ತಕದಲ್ಲಿ ಮೂವತ್ತು ಹೆಸರಿದೆ, ಬೆಂಚಲ್ಲಿ ಮೂವತ್ತು ತಲೆ ಇತ್ತು. ಯಾವ ಹೆಸರಿಗೆ ಯಾವ ತಲೆ ಅಂತ ನಿಮ್ಮ ಫಾರಮ್ಮು ಕೇಳಲ್ಲ. ಸಹಿ ಹಾಕಿ.

ಯಾಕೆ, ಪುಸ್ತಕ ಯಾಕೆ ಮತ್ತೆ ತೆಗೆದ್ರಿ?

ಆ ಏಳು ಹೆಸರು... ನಮ್ಮೋರೇ. ಅದರಲ್ಲೇನು ಮುಚ್ಚುಮರೆ. ಚಿಕ್ಕಸಿದ್ದಯ್ಯ, ನನ್ನ ತಮ್ಮ. ಯಶೋದ, ಅವನ ಹೆಂಡತಿ. ಅವರ ನಾಲ್ಕು ಮಕ್ಕಳು, ಅವನ ಅತ್ತೆ. ಎಂಟು ವರ್ಷದಿಂದ ಬರ್ತಿಲ್ಲ. ಮಾಂಬಳ್ಳಿಯಲ್ಲಿ ಯಾರದೋ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡ್ಕೊತಾರಂತೆ. ಅವರಿಗೆ ಮೈಕು ಇಷ್ಟ, ಚಪ್ಪಾಳೆ ಇಷ್ಟ. ನಮ್ಮ ಪ್ರೆಸ್ಬಿಟೇರಿಯನ್ ಆರಾಧನೆಯಲ್ಲಿ ಚಪ್ಪಾಳೆ ಎಲ್ಲಿಂದ ತರೋಣ. ಅದಕ್ಕೇ ಹೋದ್ರು.

ಹಾಗೆ ನೋಡ್ಬೇಡಿ. ಚಪ್ಪಾಳೆಗೇ ಹೋಗಿದ್ದು.

ಏನು... ಬೆಳಿಗ್ಗೆ ನೀವು ಚಿಕ್ಕಸಿದ್ದಯ್ಯ ಅಂತ ಹೆಸರು ಕೂಗಿದಾಗ ಪುಟ್ಟಮಾದಪ್ಪ ಎದ್ದು ನಿಂತ. ನೀವು ಅವನ ಮುಖವನ್ನೇ ಸುಮಾರು ಹೊತ್ತು ನೋಡಿದ್ರಿ. ನಾನು ಆಗಲೇ ಅಂದ್ಕೊಂಡೆ, ಇವರು ನನ್ನ ತಮ್ಮನನ್ನ ಎಲ್ಲೋ ನೋಡಿರಬೇಕು ಅಂತ. ಎಲ್ಲಿ ನೋಡಿದ್ರಿ?

ತಡೀರಿ. ಎಂಟು ವರ್ಷದ ಹಿಂದೆ ನಮ್ಮಿಬ್ಬರ ಜಗಳ ಬಿಡಿಸೋಕೆ ಪ್ರೆಸ್ಬಿಟರಿ ಇಬ್ಬರನ್ನ ಕಳಿಸಿತ್ತು. ಒಬ್ಬರು ವಯಸ್ಸಾದೋರು, ಅವರೇ ಮಾತಾಡಿದ್ದು. ಇನ್ನೊಬ್ಬರು ಹುಡುಗನ ಥರ ಇದ್ರು, ದಪ್ಪ ಮೀಸೆ, ಮೂಲೆಯಲ್ಲಿ ಕೂತು ಬರ್ಕೊತಾ ಇದ್ರು...

ಮೀಸೆ ಯಾವಾಗ ತೆಗೆಸಿದ್ರಿ, ಅಯ್ಯನವ್ರೇ?

ಎಂಥ ವ್ಯಾಪಾರಿ ನೋಡಿ ನಾನು. ಗಿರಾಕಿ ಮುಖ ಮರೆತುಬಿಟ್ಟೆ.

ಹಾಗಾದ್ರೆ ನಿಮಗೆ ಗೊತ್ತೇ ಇದೆ. ಈ ಮಂಡಿಗೂ ತಮ್ಮನ ಮನೆಗೂ ಮಧ್ಯೆ ಒಂದು ಓಣಿ. ನಮ್ಮಪ್ಪ ಇಬ್ಬರಿಗೂ ಸೇರಿಸಿ ಬಿಟ್ಟಿದ್ದು ಅಂದ ಅವನು. ನನಗೆ ಮಾತ್ರ ಕೊಟ್ಟಿದ್ದು ಅಂದೆ ನಾನು, ಅಪ್ಪನ ಕಾಗದ ತೋರಿಸಿದೆ. ನೀವಿಬ್ಬರೂ ಓದಿದ್ರಿ. ನಾನು ಸಭೆಯ ಹಿರಿಯ, ಮಧ್ಯಾಹ್ನ ನಾಟಿ ಕೋಳಿ ಊಟ ನಮ್ಮನೆಯಲ್ಲೇ. ಓಣಿ ದೊಡ್ಡಸಿದ್ದಯ್ಯನದು, ಅಣ್ಣತಮ್ಮ ಕೈ ಕುಲುಕಿ ಅಂತ ತೀರ್ಪಾಯ್ತು. ನೋಡಿ, ಪ್ರೆಸ್ಬಿಟರಿ ನಮಗೆ ಮಾಡಿದ ಉಪಕಾರದಲ್ಲಿ ಸಮಯಕ್ಕೆ ಸರಿಯಾಗಿ ಬಂದಿದ್ದು ಅದೊಂದೇ. ಅವನು ಕೈ ಕೊಡಲಿಲ್ಲ. ಮುಂದಿನ ಭಾನುವಾರದಿಂದ ಏಳು ತಲೆ ಕಮ್ಮಿ.

ನಾನೇನು ಮಾಡ್ಲಿ? ಹಿರಿಯರ ತೀರ್ಪು. ಒಪ್ಪದೇ ಇದ್ದೋನು ಅವನು.

ಮಾತಾಡಿ, ಅಯ್ಯನವ್ರೇ. ಬೈಯ್ಯೋದಾದ್ರೆ ಬೈರಿ.

ತಟ್ಟೆನಾ? ತಟ್ಟೆಯಲ್ಲಿ ಏನು?

ನೋಡಿಬಿಟ್ರಾ.

ಹೌದು. ಮೂವತ್ತು ಗ್ಲಾಸು ತುಂಬಿಸಿದ್ದೆ, ಒಂದು ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂತು. ಕರ್ತನ ಭೋಜನದಲ್ಲಿ ಹಿರಿಯನೇ ತಟ್ಟೆ ಹಿಡ್ಕೊಂಡು ಬೆಂಚಿಂದ ಬೆಂಚಿಗೆ ಹಂಚಬೇಕಲ್ಲ. ಹಂಚೋನು ಕುಡಿದ್ನಾ ಅಂತ ಯಾರೂ ನೋಡಲ್ಲ. ಎಂಟು ವರ್ಷ ಯಾರೂ ನೋಡಿರಲಿಲ್ಲ. ಒಡಹುಟ್ಟಿದೋನ ಜೊತೆ ವೈರ ಇಟ್ಕೊಂಡೋನು ಮೊದಲು ಹೋಗಿ ರಾಜಿ ಆಗಿ ಬರಲಿ ಅಂತ ಪಾಸ್ಟರು ಪ್ರತಿ ಸಲ ಓದ್ತಾರೆ. ಓದಿ ತಟ್ಟೆ ನನ್ನ ಕೈಗೇ ಕೊಡ್ತಾರೆ. ಪುಟ್ಟಮಾದಪ್ಪ ಕುಡಿದ, ಶಿವಮ್ಮ ಕುಡಿದ್ಲು. ಅವರಿಗೆ ಏನೂ ಗೊತ್ತಿಲ್ಲ, ಅವರದ್ದು ತಪ್ಪಿಲ್ಲ. ನನಗೆ ಗೊತ್ತು.

ಏನು ಗೊತ್ತು ಅಂತ ಕೇಳಲ್ವಾ?

ಕೇಳಿ. ಕೇಳಿದ್ರೆ ಏನಾದ್ರೂ ಒಂದು ಹೇಳಿ ತಪ್ಪಿಸ್ಕೊತೀನಿ, ಅದು ನನ್ನ ಕಸುಬು. ಸುಮ್ನಿದ್ರೆ ಏನು ಹೇಳ್ಲಿ.

ಅಗೋ, ಬಸ್ಸು ಬಂತು. ಕೊಳ್ಳೇಗಾಲ, ಕೊಳ್ಳೇಗಾಲ ಅಂತಿದ್ದಾನೆ. ಏಳಿ... ಏಳಲ್ವಾ? ಅದು ಹೋದ್ರೆ ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕು, ಅಯ್ಯನವ್ರೇ.

ಹೋಯ್ತು.

ಅಪ್ಪನ ಆ ಕಾಗದ ನಾನೇ ಬರೆದಿದ್ದು. ಇದೇ ಮೇಜಿನ ಮೇಲೆ, ಹಳೇ ರಶೀದಿ ಪುಸ್ತಕದಿಂದ ಹಾಳೆ ಹರಿದು. ಅಪ್ಪ ಸತ್ತು ಆಗಲೇ ಎರಡು ವರ್ಷ ಆಗಿತ್ತು. ಲಾರಿ ಗೋಡೌನಿನ ಬಾಗಿಲವರೆಗೆ ಬರೋಕೆ ಜಾಗ ಸಾಲ್ತಿರಲಿಲ್ಲ. ಅದಕ್ಕೆ ಬರೆದೆ. ಚಿಕ್ಕಸಿದ್ದಯ್ಯ ಕಾಗದ ನೋಡಿದ, ನನ್ನ ಮುಖ ನೋಡಿದ. ಅಪ್ಪನಿಗೆ ಬರೆಯೋಕೆ ಬರ್ತಿರಲಿಲ್ಲ ಅಂತ ಅವನಿಗೂ ಗೊತ್ತಿತ್ತು. ನಿಮ್ಮಿಬ್ಬರ ಮುಂದೆ ಹೇಳಿದ್ದಿದ್ರೆ ನನ್ನ ಹಿರಿಯತನ ಅಲ್ಲೇ ಹೋಗ್ತಿತ್ತು. ಹೇಳಲಿಲ್ಲ. ಎದ್ದು ಹೋದ.

ಪೆನ್ನು ಕೊಡಿ, ಬೇಡ, ನೀವೇ ಬರ್ಕೊಳ್ಳಿ. ಬೆಂಚಲ್ಲಿ ಕಂಡ ತಲೆ ಮೂವತ್ತು. ಮಂಡಿಯಿಂದ ಕರ್ಕೊಂಡು ಬಂದೋರು ಏಳು, ಕಳೀರಿ. ಗ್ಲಾಸು ಮುಟ್ಟದ ಹಿರಿಯ ಒಬ್ಬ, ಅವನನ್ನೂ ಕಳೀರಿ. ಇಪ್ಪತ್ತೆರಡು. ಬಂದ ಲಾಭ ಅಂತ ಒಂದು ಕಾಲಮ್ಮು ಇದ್ರೆ ಅದನ್ನೂ ತುಂಬಿ: ಒಂದು ಓಣಿ, ಅಗಲ ನಾಲ್ಕಡಿ, ಉದ್ದ ಅರವತ್ತಡಿ.