ಹರಿತವಾದ ಕೊಡಲಿ

ದರ್ಜಿಯಮ್ಮ ಕತ್ತರಿ ಹಿಡಿದು ಸಾಣೆ ಅಂಗಡಿಯಲ್ಲಿ ಚಳಿಗೆ ಮುದುಡಿ ಕೂತಿದ್ದಳು. ಕೊಡಲಿ ಸಾಣೆಗೆ ಕೊಟ್ಟು ಮುಂದೆ ನಿಂತಿದ್ದವನನ್ನು ಕಂಡು, ದಾರಿಯಲ್ಲಿ ಹೋಗುತ್ತಿದ್ದ ಅವನ ಅಕ್ಕ ಒಳಗೆ ಬಂದಳು. ಬೇಡವೆಂದರೂ ದರ್ಜಿಯಮ್ಮನ ಕಿವಿ ಅತ್ತಲೇ ಹೋಯಿತು.

“ಆ ಒಣಮರ ಇವತ್ತೇ ಕಡೀತೀಯೇನೋ? ಯಾವ ಕಡೆ ಬೀಳುತ್ತೆ, ನೋಡ್ಕೊಂಡಿದ್ದೀಯಾ?”

“ಅಂಗಳದ ಕಡೆ ಅಕ್ಕ. ಬೀಳೋ ಕಡೆಗೇ ಮೊದಲು ಕಚ್ಚು ಹಾಕಿದೀನಿ.”

“ಮರ ವಾಲಿದಾಗ ನೀನು ಓಡೋಕೆ ದಾರಿ?”

“ಸೌದೆ ಎಲ್ಲ ಸರಿಸಿದೀನಿ. ಇಬ್ಬನಿ ಹೆಪ್ಪುಗಟ್ಟಿ ಕಾಲು ಜಾರುತ್ತೆ ಅಂತ ಬೂದಿನೂ ಚೆಲ್ಲಿದೀನಿ.”

“ಹಾಕಿದೀನಿ ಅಂದ್ಯಲ್ಲ, ಶುರು ಮಾಡ್ಬಿಟ್ಟಿದ್ದೀಯಾ?”

“ಹೂಂ. ಹಿಂದಿನಿಂದಲೂ ಅರ್ಧ ಕಡಿದೆ, ಅಷ್ಟರಲ್ಲಿ ಕೊಡಲಿ ಮೊಂಡಾಯ್ತು. ಮೊಂಡು ಕೊಡಲಿ ಜಾರಿ ಕಾಲಿಗೇ ಬೀಳುತ್ತೆ ಅಂತ ನೀನೇ ಹೇಳ್ತಿದ್ಯಲ್ಲ, ಅದಕ್ಕೇ ಓಡಿ ಬಂದೆ.”

ಅಕ್ಕ ಹೊರಗೆ ನೋಡಿದಳು. ಬಿಸಿಲು ಬಂದಿತ್ತು. ಗಾಳಿಯೂ ಎದ್ದಿತ್ತು.

“ಅಮ್ಮ ಎಲ್ಲೋ?”

“ಮಲಗಿದ್ಲು.”

“ಬಿಸಿಲು ಬಂದ್ರೆ ಅವಳು ಕುರ್ಚಿ ಎಲ್ಲಿ ಹಾಕ್ಕೋತಾಳೆ?”

ಇಬ್ಬರೂ ಬಿದ್ದೆನೋ ಕೆಟ್ಟೆನೋ ಎಂದು ಓಡಿದರು.

“ನಿಮ್ಮ ಕೊಡಲಿ!” ಎಂದು ಸಾಣೆಯವನು ಕೂಗಿದ. ಇಬ್ಬರೂ ಹಿಂದೆ ತಿರುಗಲಿಲ್ಲ. ಗಾಳಿಗೆ ಅಂಗಡಿಯ ಬಾಗಿಲು ಧಡಾರೆಂದು ಬಡಿದುಕೊಂಡಾಗ ದರ್ಜಿಯಮ್ಮ ಎದ್ದೇ ನಿಂತಳು.