ಸೋಬಾನೆಯೊಳಗೆ ಬಂದ ಹೆಸರು

ನಗೋದಾದ್ರೆ ಈಗಲೇ ನಕ್ಕುಬಿಡಿ. ಇದು ಅವರಿವರು ಹೇಳಿದ್ದಲ್ಲ, ನಾನೇ ಪಕ್ಕದಲ್ಲಿದ್ದು ನೋಡಿದ್ದು.

ತೊಂಬತ್ತೊಂಬತ್ತನೇ ಇಸವಿ. ಹೊಣಕೆರೆಯಲ್ಲಿ ಕೊನೇ ಬಸ್ಸು ಇಳಿದು ನಾನೂ ನಮ್ಮ ದೊಡ್ಡಮ್ಮನ ಮಗ ದಿಲೀಪಣ್ಣನೂ ಚಲುವಮ್ಮ ಅನ್ನೋ ಮುದುಕಿಯ ಊರಿಗೆ ನಡೆದು ಹೊರಟಿದ್ವಿ. ದಾರಿಯಲ್ಲಿ ಒಂದು ಹಾಳುಬಾವಿ. ಹಗ್ಗ ಇಲ್ಲ, ನೀರಿಲ್ಲ. ರಾಟೆ ಮಾತ್ರ ಕಿರ್... ಕಿರ್... ಅಂತಿತ್ತು. ಗಾಳಿ ಇರಲಿಲ್ಲ.

"ಅಣ್ಣ..."

"ತಿರುಗ್ಬ್ಯಾಡ ಕಣ್ಲಾ. ನಡಿ."

ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋದ್ವಿ ಅಂತ ಹೇಳ್ತೀನಿ, ಕೇಳಿ.

ದಿಲೀಪಣ್ಣ ನಾಗಮಂಗಲದ ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿ ಮೇಲೆ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಆಗ ವೈರಸ್ಸು ಅಂದ್ರೆ ಜನಕ್ಕೆ ಊರಿಗೆ ಮಾರಿ ಬಂದಷ್ಟು ಭಯ. ಹಾಡಿನ ಸೀಡಿ ಹಾಕಿದ್ರೂ ವೈರಸ್ಸು ಬರುತ್ತಾ ಸಾರ್ ಅಂತ ಕಲಿಯೋಕೆ ಬಂದವರು ಕೇಳೋರು. "ವೈರಸ್ಸು ಅಂಟ್ಕೊಳೋದು ಪ್ರೋಗ್ರಾಮಿಗೆ ಕಣ್ರೀ. ಹಾಡಿನ ಹೆಸರಿಟ್ಕೊಂಡು ಪ್ರೋಗ್ರಾಮು ಬಂದ್ರೆ ಹುಷಾರು. ಹಾಡು ಬರೀ ಸದ್ದು, ಅದೇನ್ ಮಾಡ್ತದೆ?" ಅನ್ನೋನು.

ನಮ್ಮ ತಾತ ಕೆಂಪಣ್ಣ ತೀರಿಕೊಂಡಾಗ ಈ ಚಲುವಮ್ಮ ಬಂದು ಸಾವಿನ ಪದ ಹೇಳಿದ್ದಳು. ಸತ್ತವರನ್ನ ಹೆಸರು ಹಿಡಿದು ಕರೆಯೋ ಪದ ಅದು. "ಎದ್ದು ಬಾರಯ್ಯ ಕೆಂಪಣ್ಣ..." ಅಂದ್ರೆ ಕರುಳು ಕಿತ್ತು ಬರೋದು. ದಿಲೀಪಣ್ಣ ಅದನ್ನ ಟೇಪಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕ್ಕೊಂಡ.

"ಎಣ ಇಲ್ದಿರೋ ಜಾಗ್ದಲ್ಲಿ ಇದ್ನ ಯೋಳುಸ್ಬ್ಯಾಡ ಮಗಾ. ಈ ಪದ್ವೇ ಒಂದ್ ಎಣ ಕೇಳ್ತದೆ," ಅಂದಳು ಚಲುವಮ್ಮ.

ಇವನು ನಕ್ಕ. ಸೆಂಟರಿಗೆ ಬಂದವರಿಗೆಲ್ಲ ಹಾಕಿ ಕೇಳಿಸಿದ.

ಐದಾರು ತಿಂಗಳಿಗೆ ಅವನ ತಂಗಿ ಹೇಮಶ್ರೀ ಮದುವೆ ಗೊತ್ತಾಯ್ತು. ಪಾಂಡವಪುರದ ಗಂಡು. ಚಪ್ಪರದಲ್ಲಿ ಹಾಕೋಕೆ ಅಂತ ದಿಲೀಪಣ್ಣ ನಮ್ಮ ಹೆಂಗಸರ ಸೋಬಾನೆ ರೆಕಾರ್ಡ್ ಮಾಡಿದ. ಹಾಕಿ ಕೇಳಿದರೆ... ನಡುವೆ ಸಣ್ಣಗೆ ಇನ್ನೊಂದು ದನಿ. ಚಲುವಮ್ಮನದು.

"ಎದ್ದು ಬಾರವ್ವ ಹೇಮಶ್ರೀ..."

ವೈರಸ್ಸು ಹುಡುಕೋ ಫ್ಲಾಪಿ ಹಾಕಿದ. ಏನೂ ಇಲ್ಲ ಅಂತ ತೋರಿಸ್ತು. ತಾತನ ಪದ ಅಳಿಸಿಹಾಕಿದ. ಬೇರೆ ಹಾಡು ಹಾಕಿದ. ಅದರೊಳಗೂ ಅದೇ ದನಿ, ಅದೇ ಹೆಸರು. ಆ ವಾರವೇ ಹೇಮಶ್ರೀಗೆ ಜ್ವರ ಹತ್ತಿತು. ಗಂಟಲಲ್ಲಿ ಗಂಜಿ ಇಳೀಲಿಲ್ಲ.

ಅದಕ್ಕೇ ಆ ನಡಿಗೆ. ಚಲುವಮ್ಮ ಜಗಲಿ ಮೇಲೆ ಕೂತಿದ್ದಳು.

"ಅವ್ಳ ಹೆಸ್ರು ತೆಗ್ದುಬುಡಜ್ಜಿ," ಅಂದ ದಿಲೀಪಣ್ಣ, ಪಿಸುದನಿಯಲ್ಲಿ.

"ಅವ್ಳೆಸ್ರ ನಾನೆಲ್ಲಪ್ಪಾ ಯೋಳಿದೀನಿ?" ಮುದುಕಿ ಬಾಯಲ್ಲಿದ್ದ ಎಲೆಅಡಿಕೆ ಉಗಿದಳು. ಆಮೇಲೆ, "ಕರೆಸ್ಕೊಂಡ್ ಬಂದದ್ದು ಬರಿಗೈಲಿ ಓಗಕಿಲ್ಲ. ಒಂದೆಸ್ರು ತೆಗೀಬೇಕಾದ್ರೆ ಇನ್ನೊಂದ್ ಕೊಡ್ಬೇಕು," ಅಂದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್ ಬಂದ್ವಿ. ಸೆಂಟರಿನ ಬಾಗಿಲು ತೆಗೆದವನೇ ಸೋಬಾನೆ ಹಾಕಿದ. ಹೆಸರು ಬರೋ ಹೊತ್ತಿಗೆ ಸರಿಯಾಗಿ ಮೈಕಿಗೆ ಬಾಯಿಟ್ಟು, "ದಿಲೀಪ" ಅಂದ.

"ತಲೆ ಕೆಟ್ಟದಾ ಅಣ್ಣ ನಿಂಗೆ?" ಮೈಕು ಕಿತ್ಕೊಂಡೆ.

"ಬುಡ್ಲಾ. ತಂಗಿ ಕಣ್ಲಾ ಅವ್ಳು."

ಸ್ಪೀಕರು ಟಪ್ ಅಂತು. ಮತ್ತೆ ಹಾಕಿದರೆ ಬರೀ ಸೋಬಾನೆ. ಸಂಜೆಗೆ ಹೇಮಶ್ರೀ ಎದ್ದು ಕೂತು ಮುದ್ದೆ ಕೇಳಿ ಉಂಡಳು. ದಿಲೀಪಣ್ಣ ಅವಳು ಉಣ್ಣೋದನ್ನೇ ನೋಡ್ತಾ ಕೂತಿದ್ದ.

ಮಾರನೇ ಬೆಳಿಗ್ಗೆ ಅವನು ಏಳಲಿಲ್ಲ. ಎದೆಬಡಿತ ನಿಂತಿದೆ ಅಂದರು ಡಾಕ್ಟರು. ಇನ್ನೂ ಮದುವೆಯೂ ಆಗದ ಹುಡುಗ.

ಪದ ಹೇಳೋಕೆ ಚಲುವಮ್ಮನನ್ನೇ ಕರೆಸಿದರು. ಬಂದು ಹೆಣದ ತಲೆಹತ್ತಿರ ಕೂತಳು. ಸೆರಗು ಬಾಯಿಗಿಟ್ಟುಕೊಂಡು ಅವನ ಮುಖವನ್ನೇ ನೋಡಿದಳು... ಹಾಡಲಿಲ್ಲ. ಮೆಲ್ಲಗೆ ಎದ್ದು ದೊಡ್ಡಮ್ಮನ ಕಡೆ ತಿರುಗಿದಳು.

"ಇವನ್ಗೆ ಆಗ್ಲೇ ಪದ ಯೋಳ್ಬುಟ್ಟವ್ರೆ ಕಣವ್ವ."

ಅಷ್ಟೇ ಅಂದು ಹೊರಟುಹೋದಳು. ನಾವ್ಯಾರೂ ಹೇಳಿಸಿರಲಿಲ್ಲ. ನಂಬದಿದ್ದರೆ ಪಾಂಡವಪುರಕ್ಕೆ ಹೋಗಿ ಹೇಮಶ್ರೀನ ಕೇಳಿ, ಅವಳೂ ಅಲ್ಲೇ ನಿಂತಿದ್ದಳು. ಮೈಕಿನ ವಿಷಯ ಮಾತ್ರ ಎತ್ತಬೇಡಿ. ಅವಳಿಗೆ ಅದು ಗೊತ್ತಿಲ್ಲ.